ಎರಡು ಕಡೆ ಹಾಜರಿ

ಕಾಲೇಜಿನವರು ಒಳ್ಳೆಯದನ್ನೇ ಮಾಡಲು ಹೊರಟಿದ್ದರು, ಅದರಲ್ಲಿ ಅನುಮಾನವಿಲ್ಲ. ಬರಲಾಗುವವರು ಬನ್ನಿ, ಆಗದವರು ಮನೆಯಿಂದಲೇ ಪಾಠ ಕೇಳಿ, ಹಾಜರಿ ಎರಡಕ್ಕೂ ಒಂದೇ ಎಂದು ಅವರು ಹೇಳಿದಾಗ ದೂರದಿಂದ ಬರುವ ಮಕ್ಕಳೂ ಕೆಲಸ ಮಾಡಿಕೊಂಡು ಓದುವ ಮಕ್ಕಳೂ ನೆಮ್ಮದಿಯ ನಿಟ್ಟುಸಿರು ಬಿಟ್ಟರು. ಆದರೆ ಇಂಥದ್ದೊಂದು ಅನುಕೂಲ ಮನೆಯ ಹೊಸ್ತಿಲು ದಾಟಿ ಒಳಗೆ ಬಂದ ಮೇಲೆ ಅದು ಯಾರ ಪಾಲಾಗುತ್ತದೆ ಎಂದು ಕಾಲೇಜಿನವರಿಗೆ ಹೇಗೆ ಗೊತ್ತಾಗಬೇಕು? ಇಸ್ತ್ರಿಯಕ್ಕನ ಮನೆಯಲ್ಲಿ ಅದು ಅಜ್ಜಿಯ ಪಾಲಾಯಿತು.

ಇಸ್ತ್ರಿಯಕ್ಕ ಆಸ್ಪತ್ರೆಯ ಬಟ್ಟೆ ಒಗೆಯುವ ದೊಡ್ಡ ಲಾಂಡ್ರಿಯಲ್ಲಿ ಚಾದರಗಳಿಗೆ ಇಸ್ತ್ರಿ ಹಾಕಿ ಮಡಿಸುವವಳು. ಕೆಲಸದಲ್ಲಿ ಬಿದ್ದ ಹೆಸರು ಬೀದಿಯವರ ಬಾಯಿಗೂ ಬಂದಿತ್ತು. ಗಂಡ ಬಸ್ಸಿನ ಡ್ರೈವರ್. ಇದ್ದ ಒಬ್ಬಳೇ ಮಗಳು ಕಾನೂನು ಓದುತ್ತಿದ್ದಳು. ಮಾತು ಕಲಿತಾಗಿನಿಂದಲೂ ಅವಳದು ವಾದವೇ. ಅದಕ್ಕೆ ಅಪ್ಪ ಅವಳನ್ನು ಲಾಯರಮ್ಮ ಎಂದು ಕರೆಯುತ್ತಿದ್ದ. ಹೆಸರು ಮೊದಲು ಬಂತು, ಕಾಲೇಜು ಆಮೇಲೆ ಬಂತು.

ಅಜ್ಜಿ ಇಸ್ತ್ರಿಯಕ್ಕನ ತಾಯಿ. ಬಚ್ಚಲಲ್ಲಿ ಜಾರಿ ಸೊಂಟ ಮುರಿದುಕೊಂಡ ಮೇಲೆ ಮಗನ ಮನೆಯಿಂದ ಮಗಳ ಮನೆಗೆ ಬಂದಿದ್ದಳು. "ಒಂದು ತಿಂಗಳು ನೋಡ್ಕೋ, ಆಮೇಲೆ ನಾನೇ ಬಂದು ಕರ್ಕೊಂಡು ಹೋಗ್ತೀನಿ" ಎಂದು ಅಣ್ಣ ಹೇಳಿ ಹೋಗಿದ್ದ. ತಿಂಗಳ ಮೇಲೆ ತಿಂಗಳು ಉರುಳಿತು. ಅಣ್ಣನ ಫೋನು ಬರುತ್ತಿತ್ತು, ಅಣ್ಣ ಬರುತ್ತಿರಲಿಲ್ಲ. ಅಜ್ಜಿಗೆ ಎದ್ದು ಕೂರಲು ಒಬ್ಬರು ಬೇಕು, ಹೊರಳಲು ಒಬ್ಬರು ಬೇಕು. ನೆನಪೂ ಸೊಂಟದ ಹಾಗೆಯೇ ಆಗಿತ್ತು, ಒಂದು ಕಡೆ ಹಿಡಿದರೆ ಇನ್ನೊಂದು ಕಡೆ ಜಾರುತ್ತಿತ್ತು.

"ಇವತ್ತು ಕಾಲೇಜಿಗೆ ಹೋಗ್ತೀಯಾ, ಇಲ್ಲೇ ಕೇಳ್ತೀಯಾ?" ಎಂದು ಇಸ್ತ್ರಿಯಕ್ಕ ಬೆಳಿಗ್ಗೆ ಗಂಜಿ ಕಲಕುತ್ತ ಕೇಳುವಳು.

"ಹೋಗೋಣ ಅಂತಿದ್ದೆ."

"ಅಜ್ಜಿಗೆ ಹೊಟ್ಟೆ ಸರಿ ಇಲ್ಲ ಕಣೇ."

ಮಗಳು ತಲೆಗೂದಲು ಅರ್ಧ ಹೆಣೆದವಳು ಕೈ ನಿಲ್ಲಿಸುವಳು. "ಸರಿ ಬಿಡು. ಇಲ್ಲೇ ಕೇಳ್ತೀನಿ."

ಈ 'ಸರಿ ಬಿಡು' ವಾರಕ್ಕೊಮ್ಮೆ ಇದ್ದದ್ದು ದಿನಾ ಬರತೊಡಗಿತು. ಅಜ್ಜಿಯೊಂದಿಗೆ ಮಿಕ್ಕ ಕೆಲಸಗಳೂ ಒಂದೊಂದಾಗಿ ಸಾಲುಗಟ್ಟಿದವು. ಗ್ಯಾಸಿನವನು ಬಂದರೆ ಬಾಗಿಲು ತೆಗೆ, ಮನೆಯಲ್ಲೇ ಇದ್ದೀಯಲ್ಲ. ನೀರು ಬಂದರೆ ಡ್ರಮ್ಮಿಗೆ ಹಿಡಿ, ಮನೆಯಲ್ಲೇ ಇದ್ದೀಯಲ್ಲ. ಪಕ್ಕದ ಮನೆಯವಳು ಕೂಡ ಒಂದು ದಿನ ತನ್ನ ಒಣಗಿದ ಬಟ್ಟೆ ತೆಗೆದಿಡಲು ಹೇಳಿ ಹೋದಳು. ಹುಡುಗಿ ಕ್ಲಾಸಿನಲ್ಲಿ ಕೂತಿದ್ದಾಳೆ ಎಂದು ಯಾರಿಗೂ ಅನಿಸುತ್ತಿರಲಿಲ್ಲ. ಕ್ಲಾಸು ಅವರ ಕಣ್ಣಿಗೆ ಗೋಡೆಗೆ ಒರಗಿಸಿಟ್ಟ ಟ್ಯಾಬ್ ಮಾತ್ರ. ಅದು ಕಾಲೇಜಿನವರು ಓದಲು ಕೊಟ್ಟದ್ದು.

ಅಜ್ಜಿಗಂತೂ ಅದು ಮನೆಗೆ ಬಂದ ನೆಂಟರು.

"ಯಾರೇ ಬಂದಿರೋದು?"

"ನಮ್ಮ ಮೇಡಂ ಅಜ್ಜಿ. ಪಾಠ ಮಾಡ್ತಿದಾರೆ."

"ನಿಂತ್ಕೊಂಡೇ ಮಾತಾಡ್ತಿದಾರಲ್ಲೇ! ಕುರ್ಚಿ ಹಾಕು. ಚಹಾ ಕೊಡು. ಬಂದವರನ್ನ ಹೀಗೆ ನಿಲ್ಲಿಸ್ತಾರಾ?"

"ಕೊಟ್ಟೆ ಅಜ್ಜಿ, ಕುಡಿದ್ರು."

"ಸಕ್ಕರೆ ಸರಿಯಾಗಿ ಹಾಕಿದ್ಯಾ?"

ಅಜ್ಜಿ ಮೊಮ್ಮಗಳ ಈ ಮಾತುಕತೆಗೆ ಇಸ್ತ್ರಿಯಕ್ಕನೂ ನಗುತ್ತಿದ್ದಳು. ನಗಲು ಬೇರೇನೂ ಇಲ್ಲದ ಮನೆಯಲ್ಲಿ ಅದೇ ದೊಡ್ಡದು.

ಗಂಡ ಮಾತ್ರ ನಗುತ್ತಿರಲಿಲ್ಲ. ಮಗಳು ಕರಿ ಕೋಟು ತೊಟ್ಟು ಕೋರ್ಟಿನ ಮೆಟ್ಟಿಲು ಹತ್ತುವುದನ್ನು ತನ್ನ ಬಸ್ಸಿನ ಸೀಟಿನಿಂದಲೇ ನೋಡಬೇಕೆಂದು ಅವನಿಗೆ ಆಸೆ. ಒಂದು ಸಂಜೆ ಅನ್ನದ ತಟ್ಟೆ ಮುಂದೆ ಕೂತವನು ಸಿಡುಕಿದ.

"ಇವಳು ಲಾಯರ್ ಕೆಲ್ಸ ಕಲೀತಿದಾಳೋ, ಆಯಾ ಕೆಲ್ಸ ಕಲೀತಿದಾಳೋ?"

"ಮೆಲ್ಲಗೆ ಮಾತಾಡಿ. ಅಮ್ಮನಿಗೆ ಕೇಳುತ್ತೆ."

"ಕೇಳ್ಲಿ. ನಾನೇನು ಅತ್ತೆನ ಬೈದ್ನಾ? ನಿಮ್ಮಣ್ಣನಿಗೂ ಅವ್ರು ಅಮ್ಮ ತಾನೆ?"

"ಅಲ್ಲಿಗೆ ಕಳಿಸಿದ್ರೆ ಅತ್ತಿಗೆ ನೀರೂ ಕುಡಿಸಲ್ಲ. ಹಾಸಿಗೆ ಒದ್ದೆ ಆಗುತ್ತೆ ಅಂತ ಲೋಟ ದೂರ ಇಡ್ತಾಳೆ. ಗೊತ್ತಿದ್ದೂ ಗೊತ್ತಿದ್ದೂ ಕಳಿಸ್ಲಾ?"

"ಹಾಗಾದ್ರೆ ನೀನು ಕೆಲ್ಸ ಬಿಡು."

"ಬಿಟ್ರೆ ಇವಳ ಫೀಸು ನಿಮ್ಮ ಬಸ್ಸು ಕಟ್ಟುತ್ತಾ?"

ಲಾಯರಮ್ಮ ಇಬ್ಬರ ತಟ್ಟೆಗೂ ಬೇಳೆ ಬಡಿಸಿ, "ಇಬ್ರೂ ಸುಮ್ನಿರಿ. ನಾನು ಓದ್ತಿದೀನಿ. ಎಲ್ಲಿ ಕೂತು ಓದಿದ್ರೇನು?" ಎಂದಳು. ವಾದ ಗೆಲ್ಲುವ ದನಿಯಲ್ಲಿ ಹೇಳಿರಲಿಲ್ಲ ಅವಳು. ತಾಯಿಗೆ ಅದು ತಿಳಿಯಿತು, ಆದರೆ ತಿಳಿದ ಹಾಗೆ ತೋರಿಸಿದರೆ ಉಪಾಯ ಹುಡುಕಬೇಕಾಗುತ್ತದೆ. ಇತ್ತ ದರಿ ಅತ್ತ ಪುಲಿ ಎನ್ನುವಂಥ ಹೊತ್ತಿನಲ್ಲಿ ಮನುಷ್ಯರು ಮಾಡುವುದನ್ನೇ ಅವಳೂ ಮಾಡಿದಳು, ತಟ್ಟೆ ನೋಡಿಕೊಂಡು ಉಂಡಳು.

ಮನೆಯಿಂದ ಪಾಠ ಕೇಳುವವರ ಹಾಜರಿಗೆ ಕಾಲೇಜಿನವರು ಒಂದು ದಾರಿ ಮಾಡಿದ್ದರು. ಪಾಠದ ನಡುವೆ ಯಾವಾಗ ಬೇಕಾದರೂ ಮೇಡಂ, "ಮನೆಯಲ್ಲಿರುವವರು ಕೈ ಎತ್ತಿ" ಎನ್ನುವರು. ಟ್ಯಾಬಿನ ಅಡಿಯಲ್ಲಿ ಒಂದು ಹಳದಿ ಕೈಯ ಚಿತ್ರವಿತ್ತು. ಅದನ್ನು ಒತ್ತಿದವರು ಹಾಜರು, ಒತ್ತದವರು ಗೈರು. ಅಜ್ಜಿಗೆ ಸ್ನಾನ ಮಾಡಿಸುವಾಗಲೇ ಮೇಡಂಗೆ ಆ ಕೈ ನೆನಪಾಗುತ್ತಿತ್ತು. ಲಾಯರಮ್ಮ ಸೋಪಿನ ಕೈಯಲ್ಲೇ ಓಡಿ ಬಂದು ಒತ್ತುವಳು.

ಇಸ್ತ್ರಿಯಕ್ಕನಿಗೆ ವಾರದ ರಜೆ ಬುಧವಾರ. ಅಜ್ಜಿಯನ್ನು ಎತ್ತಿ ಕೂರಿಸಿ ಮೈ ತೊಳೆಯಲು ತೋಳಿನಲ್ಲಿ ಕಸುವು ಬೇಕು, ಅದು ಮಗಳಿಗಿತ್ತು. ಚಾದರ ಜಾಡಿಸಿ ಜಾಡಿಸಿ ತಾಯಿಯ ಭುಜ ಸತ್ತೇ ಹೋಗಿತ್ತು. ಹೀಗಾಗಿ ಬುಧವಾರಗಳಂದು ಮಗಳು ಅಜ್ಜಿಯ ಹತ್ತಿರ, ತಾಯಿ ಟ್ಯಾಬಿನ ಹತ್ತಿರ.

"ಕೈ ಎತ್ತಿ ಅಂದ್ರೆ ಇದನ್ನ ಒತ್ತು ಅಮ್ಮ. ಬೇರೆ ಏನೂ ಮುಟ್ಬೇಡ."

"ನಾನೇನು ಎಳೇ ಮಗುನಾ? ಬೆಂಕಿ ಥರ ಇರೋ ರೋಲರ್ ಮೇಲೆ ಚಾದರ ಓಡಿಸ್ತೀನಿ, ಇದೊಂದು ಕೈ ಒತ್ತೋದು ಬರಲ್ವಾ?"

ಬಂತು. ಬಂದದ್ದಷ್ಟೇ ಅಲ್ಲ, ಇಷ್ಟವೂ ಆಯಿತು. ಸೊಪ್ಪು ಬಿಡಿಸುತ್ತ ಕೂತರೆ ಮೇಡಂ ಮಾತು ಕಿವಿಗೆ ಬೀಳುತ್ತಿತ್ತು. ಒಂದು ಬುಧವಾರ ಸಾಕ್ಷಿಗಳ ಪಾಠ. ಸಾಕ್ಷಿ ಹೇಳುವವನು ಕಂಡದ್ದನ್ನಷ್ಟೇ ಹೇಳಬೇಕು, ಕೇಳಿದ್ದಕ್ಕಷ್ಟೇ ಉತ್ತರ ಕೊಡಬೇಕು, ಒಂದು ಮಾತು ಹೆಚ್ಚು ಆಡಿದರೆ ಅದೇ ಅವನ ಕಡೆಯವರ ಕುತ್ತಿಗೆಗೆ ಬರುತ್ತದೆ ಎಂದು ಮೇಡಂ ಕಥೆ ಕಟ್ಟಿ ಹೇಳಿದರು. ಇಸ್ತ್ರಿಯಕ್ಕ ಮರುದಿನ ಲಾಂಡ್ರಿಯಲ್ಲಿ ಜೊತೆಯವಳಿಗೆ ಅದನ್ನೇ ಬಣ್ಣಿಸಿದಳು. ಜೊತೆಯವಳು, "ಅಯ್ಯೋ, ನೀನೂ ಲಾಯರ್ ಆಗ್ಬಿಟ್ಯಲ್ಲೇ!" ಎಂದು ಚಾದರದ ಆ ತುದಿಯಿಂದ ನಕ್ಕಳು. ಇಸ್ತ್ರಿಯಕ್ಕನಿಗೆ ಒಳಗೊಳಗೇ ಹಿಗ್ಗು. ಮಗಳ ಓದಿಗೆ ತಾನೂ ಹೆಗಲು ಕೊಡುತ್ತಿದ್ದೇನೆ ಎಂದು ಅವಳು ನಂಬಿದ್ದಳು. ಅದು ತಪ್ಪೆಂದು ಅವಳಿಗೆ ಒಂದು ದಿನವೂ ಅನಿಸಲಿಲ್ಲ, ಮಗಳಿಗೆ ಅನಿಸಿದ್ದರೂ ಅವಳು ಬಾಯಿ ಬಿಡಲಿಲ್ಲ.

ಹೀಗಿರುವಾಗ ಒಂದು ಬುಧವಾರ ಲಾಯರಮ್ಮ ಬೇಗ ಎದ್ದು ಅಜ್ಜಿಯ ಮೈ ತೊಳೆದು, ತಾನೂ ಮಿಂದು, ತೊಳೆದಿಟ್ಟ ಬಟ್ಟೆ ಹಾಕಿಕೊಂಡಳು.

"ಅಮ್ಮ, ಇವತ್ತು ನಾನು ಹೋಗ್ಲೇಬೇಕು."

"ಹೋಗು. ನಾನಿದೀನಲ್ಲ. ಏನು ವಿಶೇಷ?"

"ಮನೆಯಿಂದ ಕೇಳೋದನ್ನ ಇಟ್ಕೋಬೇಕೋ ತೆಗೀಬೇಕೋ ಅಂತ ನಮ್ಮನ್ನೇ ಕೇಳ್ತಾರಂತೆ. ನಾನು ಮಾತಾಡ್ತೀನಿ ಅಂತ ಹೆಸರು ಕೊಟ್ಟಿದೀನಿ."

"ಏನಂತ ಮಾತಾಡ್ತೀಯ?"

ಮಗಳು ಚಪ್ಪಲಿ ಹಾಕಿಕೊಳ್ಳುತ್ತ, "ಬಂದು ಹೇಳ್ತೀನಿ" ಎಂದಳು.

'ತೆಗೀರಿ' ಎಂದೇ ಹೇಳುತ್ತಾಳೆ ಎಂದುಕೊಂಡಳು ಇಸ್ತ್ರಿಯಕ್ಕ. ಹೇಳಲಿ, ಪಾಪ. ಅಜ್ಜಿಗೆ ಗಂಜಿ ಕುಡಿಸಿ ಬಾಯಿ ಒರೆಸುತ್ತಿದ್ದಾಗ ಗೋಡೆ ಪಕ್ಕದ ಟ್ಯಾಬ್ ಟಿಂಗ್ ಎಂದಿತು. ಕ್ಲಾಸು ಶುರುವಾದ ಸದ್ದು. ಮಗಳು ಎಲ್ಲೋ ಸಭೆಯಲ್ಲಿ ಮಾತಾಡಲು ಹೋಗಿದ್ದಾಳೆ, ಇಲ್ಲಿ ಪಾಠ ಶುರುವಾಗಿಬಿಟ್ಟಿದೆ, ಹಾಜರಿ ಹೋಯಿತಲ್ಲ! ಸಭೆ ಅದೇ ಕ್ಲಾಸಿನಲ್ಲಿ, ಅದೇ ಮೇಡಂ ಎದುರಿಗೆ ಎಂದು ಅವಳಿಗೆ ಯಾರು ಹೇಳಿದ್ದರು? ಕೈ ಸೆರಗಿಗೆ ಒರೆಸಿಕೊಂಡು, ಗಂಜಿಯ ಲೋಟದೊಂದಿಗೇ ಬಂದು ಟ್ಯಾಬ್ ತೆರೆದಳು.

ಪರದೆಯಲ್ಲಿ ಬೆಂಚುಗಳು ಕಂಡವು. ಮಕ್ಕಳು ಒಬ್ಬೊಬ್ಬರೇ ಎದ್ದು ಮಾತಾಡುತ್ತಿದ್ದರು.

"ನಾನು ಎರಡು ಬಸ್ ಬದಲಾಯಿಸಿ ಬರ್ಬೇಕು ಮೇಡಂ. ಮನೆಯಿಂದ ಕೇಳೋದು ಇರ್ಲಿ."

"ಇದ್ರೆ ಯಾರೂ ಕೇಳಲ್ಲ ಮೇಡಂ. ನಾನೇ ಹೇಳ್ತೀನಿ, ನಾನು ಆನ್ ಮಾಡಿ ಮಲಗಿಬಿಡ್ತೀನಿ." ಎಲ್ಲರೂ ಗೊಳ್ಳೆಂದು ನಕ್ಕರು.

"ಇಲ್ಲಿಗೆ ಬಂದ್ರೆ ನಾಲ್ಕು ಜನ ಸಿಗ್ತಾರೆ, ವಾದ ಮಾಡ್ತೀವಿ. ಮನೇಲಿ ಯಾರ ಹತ್ರ ವಾದ ಮಾಡೋದು ಮೇಡಂ, ಗೋಡೆ ಹತ್ರಾನಾ?"

ಆಮೇಲೆ ಎದ್ದವಳನ್ನು ನೋಡಿ ಇಸ್ತ್ರಿಯಕ್ಕನಿಗೆ ಕೈಯಲ್ಲಿದ್ದ ಲೋಟ ಇಡಲೂ ಮರೆತುಹೋಯಿತು. ಅವಳ ಮಗಳು.

"ಮನೆಯಿಂದ ಕೇಳೋದು ಕಷ್ಟ ಮೇಡಂ. ನಮ್ಮನೇಲಿ ಅಜ್ಜಿ ಹಾಸಿಗೆ ಹಿಡಿದಿದಾರೆ. ಪಾಠದ ಮಧ್ಯ ಎಷ್ಟು ಸಲ ಏಳ್ತೀನೋ ನನಗೇ ಗೊತ್ತಿಲ್ಲ. ಇಲ್ಲಿಗೆ ಬರೋದಂದ್ರೆ ನನಗೂ ಆಸೆ. ಆದ್ರೆ ನೀವು ಇದನ್ನ ತೆಗೆದ್ರೆ ನಾನು ಇಲ್ಲಿಗೆ ಬರಲ್ಲ ಮೇಡಂ, ಮನೇಲೇ ಉಳೀತೀನಿ. ನಮ್ಮಮ್ಮ ಕೆಲ್ಸ ಬಿಡೋ ಹಾಗಿಲ್ಲ, ಅಜ್ಜಿನ ಬಿಡೋ ಹಾಗಿಲ್ಲ. ನನ್ನ ಥರದವರು ಇನ್ನೂ ಇದಾರೆ, ಅವರು ಎದ್ದು ಹೇಳಲ್ಲ ಅಷ್ಟೆ. ಮಲಗೋರು ಮಲಗ್ಲಿ. ನಮಗೋಸ್ಕರ ಇಡಿ."

ಇಸ್ತ್ರಿಯಕ್ಕನ ಕಣ್ಣು ತುಂಬಿ ಪರದೆ ಮಂಜಾಯಿತು. ಅಷ್ಟರಲ್ಲಿ ಮೇಡಂ ದನಿ ಬಂತು. "ಇವಳು ಹೇಳಿದ್ದನ್ನ ಒಪ್ಪೋರು, ಮನೆಯಲ್ಲಿರೋರೂ, ಕೈ ಎತ್ತಿ."

ಮೊದಲ ಅರ್ಧ ಅವಳ ಕಿವಿಗೆ ಹೋಗಲೇ ಇಲ್ಲ. ಕೈ ಎತ್ತಿ ಎನ್ನುವುದು ಹೋಯಿತು. ಹಳದಿ ಕೈ ಒತ್ತಿದಳು.

ಕ್ಲಾಸಿನ ದೊಡ್ಡ ಪರದೆಯಲ್ಲಿ ಲಾಯರಮ್ಮನ ಹೆಸರಿನ ಎದುರು ಕೈ ಎದ್ದಿತು. ಬೆಂಚಿನಲ್ಲಿ ಯಾರೋ ಕಿಸಕ್ಕೆಂದರು. ಮೇಡಂ ಪರದೆ ನೋಡಿದರು, ಹುಡುಗಿಯನ್ನು ನೋಡಿದರು.

"ನೀನು ಇಲ್ಲಿದ್ದೀಯ. ಅಲ್ಲಿರೋದು ಯಾರು?"

"ಅದು ಮೇಡಂ... ಅದು..." ಎಂದಳು ಲಾಯರಮ್ಮ. ಮಗಳು ಒಂದು ಮಾತಿಗೆ ತಡವರಿಸಿದ್ದನ್ನು ತಾಯಿ ಕಂಡದ್ದು ಅದೇ ಮೊದಲು. ಅವಳಿಗೆ ತಡೆಯಲಾಗಲಿಲ್ಲ. ಮಾತಾಡಲು ಯಾವುದನ್ನು ಒತ್ತಬೇಕೆಂದು ಬುಧವಾರಗಳಂದು ನೋಡಿ ನೋಡಿ ಗೊತ್ತಿತ್ತು. ಒತ್ತಿ, ಒಂದೇ ಉಸಿರಿಗೆ ಹೇಳಿದಳು:

"ನಾನು ಮೇಡಂ, ಅವಳ ಅಮ್ಮ. ಅವಳದ್ದೇನೂ ತಪ್ಪಿಲ್ಲ ಮೇಡಂ. ಅವಳಿಗೆ ಗೊತ್ತೇ ಇಲ್ಲ. ಯಾವಾಗ್ಲೂ ನಾನೇ ಒತ್ತೋದು!"

ಕೇಳಿದ್ದು ಯಾರು ಎಂದು ಮಾತ್ರ. ಉಳಿದದ್ದನ್ನೆಲ್ಲ ಅವಳಾಗಿಯೇ ಕೊಟ್ಟಳು.

ಲಾಯರಮ್ಮ ಸಂಜೆ ಬಂದವಳು ಚಪ್ಪಲಿ ಬಿಟ್ಟು ನೇರ ಅಡುಗೆಮನೆಗೆ ಹೋಗಿ ಪಾತ್ರೆ ತೊಳೆಯಲು ನಿಂತಳು. ತಾಯಿ ಹಿಂದೆಯೇ ಹೋದಳು.

"ಬೈಯೇ. ಏನಾದ್ರೂ ಬೈದುಬಿಡು."

"ಏನಂತ ಬೈಲಿ? ನೀನು ನನ್ನ ಉಳಿಸೋಕೆ ಹೋದೆ."

"ಬರೀ ಬುಧವಾರ ಮಾತ್ರ ಅಂತ ನಾನು ಬಂದು ಹೇಳ್ತೀನಿ."

"ಯಾವಾಗ್ಲೂ ಅಂದ್ಯಲ್ಲಮ್ಮ." ಮಗಳು ತೊಳೆದ ತಟ್ಟೆಯನ್ನೇ ಮತ್ತೆ ತೊಳೆದಳು. "ನಾನು ಮಾತಾಡಿದ್ದು ಎಲ್ಲರಿಗೂ ನಾಟಿತ್ತು. ಆಮೇಲೆ ಒಬ್ಬ ಎದ್ದು ಹೇಳ್ದ, 'ನೋಡಿ ಮೇಡಂ, ಇದಕ್ಕೇ ತೆಗೀಬೇಕು ಅನ್ನೋದು' ಅಂತ. ನನ್ನ ಮಾತಿಗೆ ನಾನೇ ಉತ್ತರ ಆಗ್ಬಿಟ್ಟೆ."

ಪ್ರಿನ್ಸಿಪಾಲರು ಇಬ್ಬರನ್ನೂ ಕರೆಸಿದರು. ಮೇಜಿನ ಆಚೆ ಅವರು, ಪಕ್ಕದಲ್ಲಿ ಮೇಡಂ. ಕೂರಿ ಎಂದರೂ ಇಸ್ತ್ರಿಯಕ್ಕ ಕೂರಲಿಲ್ಲ.

"ಬುಧವಾರ ಒಂದೇ ದಿನ ಸಾರ್ ನಾನು ಒತ್ತಿದ್ದು. ಮಿಕ್ಕ ದಿನ ಅವಳೇ."

"ಅವತ್ತು ಇಡೀ ಕ್ಲಾಸಿನ ಎದುರು ಯಾವಾಗಲೂ ನಾನೇ ಅಂದ್ರಿ."

"ಗಾಬರೀಲಿ ಬಂದುಬಿಡ್ತು ಸಾರ್."

"ಅವಳಿಗೆ ಗೊತ್ತೇ ಇಲ್ಲ ಅಂತಲೂ ಅಂದ್ರಿ. ಅದೂ ಗಾಬರೀಲಿ ಬಂದಿದ್ದಾ?" ಅವರು ಜೋರು ಮಾಡಲಿಲ್ಲ. ಜೋರು ಮಾಡಿದ್ದರೆ ಅಳಬಹುದಿತ್ತು. "ನೋಡೀಮ್ಮ, ಅವತ್ತಿನ ಮಾತು ನಂಬಲೋ, ಇವತ್ತಿನ ಮಾತು ನಂಬಲೋ? ಕಾನೂನು ಓದೋ ಹುಡುಗಿ. ಸುಳ್ಳು ಹಾಜರಿಗೆ ನಾನು ಕಣ್ಣು ಮುಚ್ಚಿದ್ರೆ ನಾಳೆ ಎಲ್ಲರ ಮನೆಯವರೂ ಕೈ ಎತ್ತುತ್ತಾರೆ."

ಮನೆಯಿಂದ ಕೇಳಿದ ದಿನಗಳನ್ನೆಲ್ಲ ತೆಗೆದುಹಾಕಿದರು. ಉಳಿದ ಹಾಜರಿ ಪರೀಕ್ಷೆಗೆ ಸಾಲಲಿಲ್ಲ. ಬರುವ ವರ್ಷ ಮತ್ತೆ ಅದೇ ತರಗತಿಗೆ ಸೇರಬಹುದು ಎಂದರು. ಮನೆಯಿಂದ ಕೇಳುವ ಅನುಕೂಲವನ್ನೂ ಸದ್ಯಕ್ಕೆ ನಿಲ್ಲಿಸಿದರು. ಮೇಡಂ ಬಾಗಿಲವರೆಗೆ ಬಂದು, "ನಾನೊಬ್ಬಳೇ ನೋಡಿದ್ರೆ ಸುಮ್ಮನಿದ್ದುಬಿಡ್ತಿದ್ದೆ. ಎಲ್ಲರೂ ನೋಡಿದ್ರು" ಎಂದು ಹುಡುಗಿಯ ಭುಜ ಮುಟ್ಟಿದರು. ಲಾಯರಮ್ಮ ಟ್ಯಾಬನ್ನು ಒರೆಸಿ ಅವರ ಕೈಗೆ ಕೊಟ್ಟಳು.

ಅಂದು ಗಂಡ ಊಟಕ್ಕೆ ಕೂರಲೇ ಇಲ್ಲ. ಕೂಗಾಡಲೂ ಇಲ್ಲ. ಬಾಗಿಲಲ್ಲಿ ನಿಂತು, "ಇನ್ನು ನಾನು ಹೇಳಿದ ಹಾಗೆ ಆಗ್ಲಿ. ನಿಮ್ಮಣ್ಣನಿಗೆ ಫೋನ್ ಮಾಡು" ಎಂದ.

ಅವಳು ಮಾಡಿದಳು. ಎದುರು ಮಾತಾಡುವ ಹಕ್ಕು ಕಳೆದುಕೊಂಡವಳ ಹಾಗೆ ಮಾಡಿದಳು. ಅಟ್ಟ ಮೇಲೆ ಒಲೆ ಉರಿಯಿತು, ಕೆಟ್ಟ ಮೇಲೆ ಬುದ್ಧಿ ಬಂತು ಎನ್ನುತ್ತಾರೆ. ಇಲ್ಲಿ ಬಂದದ್ದು ಬುದ್ಧಿಯೂ ಅಲ್ಲ, ಸುಸ್ತು.

ಅಣ್ಣ ವ್ಯಾನು ತಂದ. ಹಾಸಿಗೆ ಸಮೇತ ಎತ್ತುವಾಗ ಅಜ್ಜಿ ಕಣ್ಣು ತೆರೆದು ಎಲ್ಲರನ್ನೂ ನೋಡಿದಳು. ಅವತ್ತು ಅವಳ ನೆನಪು ನೆಟ್ಟಗಿತ್ತು.

"ಅಳಿಯಂದ್ರೇ, ನಿಮಗೆ ಬಹಳ ತೊಂದರೆ ಕೊಟ್ಟೆ."

"ಹಾಗನ್ಬೇಡಿ ಅತ್ತೆ" ಎಂದ ಗಂಡ ತಲೆ ತಗ್ಗಿಸಿ ಗೇಟಿನ ಕಡೆ ನಡೆದ.

ಅಜ್ಜಿ ಮೊಮ್ಮಗಳ ಕೈ ಹಿಡಿದಳು. "ನಿನ್ನ ಓದೆಲ್ಲ ನನ್ನ ಮೈ ತೊಳೆಯೋದ್ರಲ್ಲೇ ಹೋಯ್ತು ಕಣೇ. ಇನ್ನು ಆರಾಮಾಗಿ ಕಾಲೇಜಿಗೆ ಹೋಗು. ಹೋಗ್ತೀಯಾ?"

"ಹೂಂ ಅಜ್ಜಿ. ನಾಳೆಯಿಂದ್ಲೇ ಹೋಗ್ತೀನಿ."

ಇಸ್ತ್ರಿಯಕ್ಕ ಅಣ್ಣನಿಗೆ ಔಷಧಿ ಚೀಲ ಕೊಟ್ಟು, ಯಾವುದು ಬೆಳಿಗ್ಗೆ, ಯಾವುದು ಸಂಜೆ ಎಂದು ಹೇಳಿದಳು. "ನೀರು ಕೇಳಿದಾಗ ಕೊಡೋಕೆ ಹೇಳಣ್ಣ. ಹಾಸಿಗೆ ಒದ್ದೆ ಆದ್ರೆ ಒಗೆದ್ರೆ ಹೋಗುತ್ತೆ" ಎಂದಳು. ಅಣ್ಣ, "ಅಮ್ಮ ನಿನಗೊಬ್ಬಳಿಗೇ ನೋಡು" ಎಂದು ವ್ಯಾನು ಹತ್ತಿದ.

ಅಜ್ಜಿ ಮಲಗುತ್ತಿದ್ದ ಜಾಗ ಖಾಲಿಯಾಯಿತು. ಗಂಡ ಅಲ್ಲಿಗೆ ಮಗಳ ಓದಿಗೆಂದು ಒಂದು ಮೇಜು ತಂದಿಟ್ಟ. ಮೇಜಿನ ಮೇಲೆ ಏನಿಡುವುದೆಂದು ತಿಳಿಯದೆ ಲಾಯರಮ್ಮ ಒಣಗಿದ ಬಟ್ಟೆ ಇಟ್ಟಳು. ಮನೆಯಲ್ಲಿ ಈಗ ಯಾರೂ ಕೂಗಿ ಕರೆಯುವವರಿರಲಿಲ್ಲ. ಓದಲು ಇಂಥ ಮನೆ ಬೇಕೆಂದೇ ಇಷ್ಟು ದಿನ ಜಗಳವಾಡಿದ್ದು.

ಲಾಂಡ್ರಿಯಲ್ಲಿ ಇಸ್ತ್ರಿಯಕ್ಕನ ಜೊತೆಯವಳು ಬೆನ್ನುನೋವೆಂದು ಕೆಲಸ ಬಿಟ್ಟಿದ್ದಳು. ಅದನ್ನು ಕೇಳಿ ಮಗಳು, "ನಾನು ಬರ್ಲಾ?" ಎಂದಳು.

"ಬೇಡ. ನೀನು ಓದೋಳು."

"ಬರೋ ವರ್ಷ ತಾನೆ? ಅಲ್ಲೀವರೆಗೂ ಮನೇಲಿ ಗೋಡೆ ನೋಡ್ಲಾ?"

"ಪುಸ್ತಕ ಇದೆಯಲ್ಲ."

"ತೆಗೆದ್ರೆ ಅಳು ಬರುತ್ತಮ್ಮ. ಫೀಸಿಗಾದ್ರೂ ಆಗುತ್ತೆ, ಬರ್ತೀನಿ."

ತಾಯಿ ಸೋತಳು. ಇಬ್ಬರೂ ಬೆಳಿಗ್ಗೆ ಜೊತೆಯಲ್ಲೇ ಹೊರಡತೊಡಗಿದರು. ಹಬೆ ತುಂಬಿದ ಆ ಉದ್ದ ಕೋಣೆಯಲ್ಲಿ ಒದ್ದೆ ಚಾದರ ರೋಲರಿಗೆ ಹೋಗಿ ಬಿಸಿಯಾಗಿ ಹೊರಬರುತ್ತದೆ. ಒಬ್ಬರು ಈ ಎರಡು ಮೂಲೆ, ಒಬ್ಬರು ಆ ಎರಡು ಮೂಲೆ ಹಿಡಿದು ಜಾಡಿಸಿ, ನಡುವೆ ಮಡಿಸಿ, ಆಸ್ಪತ್ರೆಯ ಮುದ್ರೆ ಮೇಲೆ ಬರುವ ಹಾಗೆ ಕೂಡಿಸಬೇಕು. ಕೈ ಸುಡುತ್ತದೆ, ನಿಲ್ಲುವ ಹಾಗಿಲ್ಲ. ಮೊದಲೆರಡು ದಿನ ಮಗಳ ಮಡಿಕೆ ಸೊಟ್ಟಗಾಯಿತು. ಆಮೇಲೆ ನೆಟ್ಟಗಾಯಿತು. ತಾಯಿ ಎಷ್ಟೋ ವರ್ಷಕ್ಕೆ ಕಲಿತ ಕೈಚಳಕ ಅವಳಿಗೆ ನೋಡುನೋಡುತ್ತ ಬಂದುಬಿಟ್ಟಿತು.

ಮೇಲ್ವಿಚಾರಕಿ ಬಂದು ಇಬ್ಬರ ಹಿಂದೆ ಸ್ವಲ್ಪ ಹೊತ್ತು ನಿಂತು ನೋಡಿದಳು.

"ಏನು ಚುರುಕು ಕಣೇ ನಿನ್ನ ಮಗಳು! ಹೇಳಿಕೊಡೋದೇ ಬೇಡ. ಇಂಥೋಳು ಇಲ್ಲೇ ನಿಂತುಬಿಟ್ರೆ ನನಗೆ ಈ ಕಡೆ ನೋಡೋ ಕೆಲ್ಸಾನೇ ಇಲ್ಲ."

"ನಿಲ್ಲಲ್ಲ ಅವಳು." ಯಂತ್ರಗಳ ಸದ್ದನ್ನೂ ಮೀರಿ ಬಂದ ತನ್ನ ದನಿಗೆ ಇಸ್ತ್ರಿಯಕ್ಕ ತಾನೇ ಬೆಚ್ಚಿದಳು. "ಬರೋ ವರ್ಷ ಕಾಲೇಜಿಗೆ ಹೋಗ್ತಾಳೆ. ಅಲ್ವೇನೇ?"

ಚಾದರದ ಆ ತುದಿಯಲ್ಲಿ ಮಗಳು ತನ್ನ ಎರಡು ಮೂಲೆಗಳನ್ನು ಬಿಗಿ ಹಿಡಿದಳು.

"ಮೂಲೆ ಎಳಿ ಅಮ್ಮ," ಎಂದಳು, "ಇನ್ನೂ ಅಷ್ಟೊಂದು ರಾಶಿ ಇದೆ."